ಐದನೆಯ ದುರ್ಬೀನು

ಬೆಳಗಿನ ಆರೂವರೆಗೆ ವೀಬ್ಕೆ ರೈಫಲನ್ನು ಸೊಂಟದ ಎತ್ತರದಿಂದ ಕೈಬಿಟ್ಟಳು. ಖಾಲಿ ರೈಫಲು ಎಡಮಗ್ಗುಲಾಗಿ, ಮೇಲೆ ಕೂರಿಸಿದ್ದ ದುರ್ಬೀನೇ ಮೊದಲು ತಾಗುವಂತೆ ರಬ್ಬರ್ ಚಾಪೆಯ ಮೇಲೆ ಬಿತ್ತು. ಚಾಪೆಯ ಕೆಳಗಿನ ನೆಲ ಸುಟ್ಟ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಸದ್ದೇನೂ ದೊಡ್ಡದಲ್ಲ, ಗೋಧಿ ಹಿಟ್ಟಿನ ಚೀಲ ಇಳಿಸಿದಂಥ ಒಂದು ದೊಪ್ಪು. ಆದರೂ ಮೇಜಿನ ಹಿಂದೆ ಕುಳಿತಿದ್ದ ಫ್ರಿಡೊಲಿನ್ ಗೊಸೆಬ್‌ನ ಭುಜ ತನ್ನಷ್ಟಕ್ಕೆ ಮೇಲೆದ್ದು ಇಳಿಯಿತು. ನಿನ್ನೆಯಿಂದ ಇದನ್ನೇ ನೋಡುತ್ತಿದ್ದಾನೆ, ಬೀಳುತ್ತದೆ ಎಂದು ಗೊತ್ತಿದೆ, ಬೀಳಿಸುವುದೇ ಕೆಲಸ ಎಂದೂ ಗೊತ್ತಿದೆ. ಬೇಟೆಯ ಮಾರ್ಗದರ್ಶಕನಾಗಿ ಮೂವತ್ತು ವರ್ಷ ರೈಫಲನ್ನು ಹಸುಗೂಸಿನ ಹಾಗೆ ಹೊತ್ತು ತಿರುಗಿದವನಿಗೆ ಅದು ಬೀಳುವುದನ್ನು ಕೈಕಟ್ಟಿ ನೋಡುವುದು ಅಭ್ಯಾಸವಾಗುವುದಿಲ್ಲ ಎಂದು ಅವನು ಅಂದುಕೊಂಡ. ಹಾಗೆ ಅಂದುಕೊಂಡದ್ದು ನಿಜವೋ, ಭುಜ ಎದ್ದದ್ದಕ್ಕೆ ಒಂದು ಗೌರವದ ಕಾರಣ ಹುಡುಕಿದ್ದೋ ಎಂಬ ಅನುಮಾನವೂ ಹಿಂದೆಯೇ ಬಂತು. ಇತ್ತೀಚೆಗೆ ಅವನು ಏನು ಅಂದುಕೊಂಡರೂ ಹಿಂದೆ ಇಂಥದೊಂದು ಅನುಮಾನ ನಾಯಿಯ ಹಾಗೆ ಬರುತ್ತಿತ್ತು.

ಬೇಟೆಯ ಕಾಲ ಶುರುವಾಗುವುದು ಫೆಬ್ರವರಿಗೆ. ಹೊರದೇಶಗಳಿಂದ ಬರುವ ಅತಿಥಿಗಳಲ್ಲಿ ಕೆಲವರು ಸ್ವಂತ ರೈಫಲು ತರುವುದಿಲ್ಲ. ಅವರಿಗೆ ಕೊಡುವ ಬಂದೂಕುಗಳಿಗೆಲ್ಲ ಹೊಸ ದುರ್ಬೀನು ಹಾಕಿಸಬೇಕೆಂದು ವೀಬ್ಕೆ ನಾಲ್ಕು ಬಗೆಯವನ್ನು ರಾಜಧಾನಿ ವಿಂಡ್‌ಹುಕ್‌ನಿಂದ ತರಿಸಿದ್ದಳು. ಪ್ರತಿಯೊಂದನ್ನೂ ಇದೇ ರೈಫಲಿಗೆ ಕೂರಿಸಿ ಮೊದಲು ಸೊನ್ನೆಗೆ ತರುವುದು, ಅಂದರೆ ದುರ್ಬೀನಿನೊಳಗಿನ ಅಡ್ಡಗೆರೆಗಳು ಎಲ್ಲಿ ಕೂಡುತ್ತವೋ ನೂರು ಮೀಟರಿನಲ್ಲಿ ಗುಂಡೂ ಅಲ್ಲೇ ಬೀಳುವಂತೆ ಹೊಂದಿಸುವುದು. ಆಮೇಲೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ತಲೆಕೆಳಗಾಗಿ ಒಮ್ಮೆ ಬೀಳಿಸುವುದು. ಬಿದ್ದಾಗಲೆಲ್ಲ ಮೂರು ಗುಂಡು ಹೊಡೆದು ನೋಡುವುದು. ಕೊನೆಗೆ ಪಿಕಪ್ಪಿನ ಹಿಂಬದಿಯೊಳಗೆ ಕಟ್ಟಿ ತಗಡಿನ ಹಾಗೆ ಏರಿಳಿಯುವ ಜಲ್ಲಿರಸ್ತೆಯಲ್ಲಿ ದೂರದ ಗೇಟಿನವರೆಗೆ ಓಡಿಸಿಕೊಂಡು ಬಂದು ಮತ್ತೆ ಮೂರು. ಸೊನ್ನೆ ಉಳಿದರೆ ದುರ್ಬೀನು ಉಳಿಯಿತು. "ರೈಫಲ್ ಬದಲಾಗ್ಬಾರ್ದು, ಗುಂಡು ಒಂದೇ ಪೆಟ್ಟಿಗೇದಿರ್ಬೇಕು, ಹೊಡೆಯೋನೂ ಒಬ್ಬನೇ ಇರ್ಬೇಕು," ಎಂದಿದ್ದಳು ಅವಳು. "ಆಗ ಬದಲಾದದ್ದು ಸ್ಕೋಪ್ ಒಂದೇ ಅಂತ ಗೊತ್ತಾಗತ್ತೆ. ನೀನು ಕಲ್ಲಿದ್ದ ಹಾಗೆ ಫ್ರಿಡೊ. ಅದಕ್ಕೇ ನೀನು."

ಅಪ್ಪನ ಜಮೀನು, ಅಪ್ಪನ ಬೇಟೆ ಶಿಬಿರ, ಎರಡನ್ನೂ ಮೂವತ್ತನಾಲ್ಕರ ವಯಸ್ಸಿಗೆ ಒಬ್ಬಳೇ ನಡೆಸುತ್ತಿದ್ದ ಹೆಂಗಸು. ಬೂಟಿನ ದಾರ ಕಟ್ಟಲು ಬಾರದ ಕಾಲದಿಂದ ಅವನನ್ನು ನೀನು ಎನ್ನುತ್ತಾಳೆ. ಅವನು ಮೊದಲು ಪುಟ್ಟಿ ಎನ್ನುತ್ತಿದ್ದ. ಮೇಡಂ ಎನ್ನತೊಡಗಿದ್ದು ಯಾವ ವರ್ಷದಿಂದ ಎಂದು ನೆನಪಾಗಲಿಲ್ಲ.

ಎಲಿಯಾಸರ್ ರೈಫಲನ್ನು ಚಾಪೆಯಿಂದ ಎತ್ತಿ, ಧೂಳು ಊದಿ, ಒಂದು ಗುಂಡು ಹಾಕಿ, ಬೋಲ್ಟು ಮುಚ್ಚಿ ಮೇಜಿನ ಮೇಲಿನ ಮರಳುಚೀಲದ ಮೇಲೆ ಇಟ್ಟ. ಇಲ್ಲಿ ಪರೀಕ್ಷೆಗೆ ಹೊಡೆಯುವವನು ತಾನೇ ಗುಂಡು ತುಂಬುವುದಿಲ್ಲ, ಇನ್ನೊಬ್ಬ ತುಂಬಿ ಕೊಡುತ್ತಾನೆ. ವೀಬ್ಕೆಯ ಅಜ್ಜನ ಕಾಲದಿಂದ ಬಂದ ಪದ್ಧತಿ. ಎಲಿಯಾಸರ್ ಫ್ರಿಡೊಲಿನ್‌ನ ಹೆಂಡತಿ ಒಟ್ಟೀಲಿಯ ತಮ್ಮ, ಮೃಗಗಳ ಹೆಜ್ಜೆ ನೋಡುವುದರಲ್ಲಿ ಈ ಸೀಮೆಯಲ್ಲಿ ಹೆಸರಾದವನು. ಈಗ ಎಡಗಾಲು ಎಳೆಯುತ್ತ ನಡೆಯುತ್ತಾನೆ. ಮೇಜಿನಿಂದ ಚಾಪೆಗೆ, ಚಾಪೆಯಿಂದ ಮೇಜಿಗೆ ಅವನು ಹೋಗಿ ಬರುವಾಗ ಒಣಮಣ್ಣಿನ ಮೇಲೆ ಒಂದು ಹೆಜ್ಜೆಯೂ ಒಂದು ಗೆರೆಯೂ ಮೂಡುತ್ತಿತ್ತು. ನಿನ್ನೆ ಸಂಜೆಗಾಗಲೇ ಆ ಗೆರೆಗಳು ಒಂದರ ಮೇಲೊಂದು ಬಿದ್ದು ಯಾರೋ ಕಸ ಗುಡಿಸಿದ ಹಾಗೆ ಕಾಣುತ್ತಿದ್ದವು. ಫ್ರಿಡೊಲಿನ್ ಅವನ್ನು ನೋಡದೆ ಎದುರಿನ ಕಾಗದವನ್ನು ನೋಡುವುದನ್ನು ಕಲಿತಿದ್ದ.

"ಹೊಡಿ ಭಾವ, ಕಾಫಿ ಆರ್ತಿದೆ," ಎಂದ ಎಲಿಯಾಸರ್.

ಹೊಡೆದ. ಎಲಿಯಾಸರ್ ಮೂರು ಕಾಲಿನ ಮೇಲೆ ನಿಲ್ಲಿಸಿದ ದೊಡ್ಡ ದುರ್ಬೀನಿಗೆ ಕಣ್ಣಿಟ್ಟು, "ಒಳಗೆ," ಎಂದ. ಎರಡನೆಯದಕ್ಕೂ "ಒಳಗೆ." ಮೂರನೆಯದಕ್ಕೆ "ಒಳಗೇ ಅನ್ನು, ಹೊಸ್ತಿಲ ಮೇಲೆ ನಿಂತಿದೆ," ಎಂದ. ವೀಬ್ಕೆ ನಕ್ಕಳು. ನಾಲ್ಕನೆಯ ದುರ್ಬೀನು ಹೀಗೇ ಮೂರೂ ಬೀಳು ದಾಟಿತು, ಪಿಕಪ್ಪಿನ ಕುಲುಕಾಟವನ್ನೂ ದಾಟಿತು. ನಿನ್ನೆ ಎರಡನೆಯದೂ ದಾಟಿತ್ತು. ಮೂರನೆಯದರ ವಿಷಯದಲ್ಲಿ ಯಾರಿಗೂ ಅನುಮಾನವಿಲ್ಲ, ಎರಡನೆಯ ಬೀಳಿಗೇ ಒಳಗೆ ಏನೋ ಸಡಿಲಾಗಿ, ಅಲ್ಲಾಡಿಸಿದರೆ ಬೀಜದ ಕಾಯಿಯ ಹಾಗೆ ಕಿಣಿಕಿಣಿ ಎನ್ನುತ್ತಿತ್ತು. ಆದರೆ ಮೊದಲನೆಯದು? ಅದು ಅಲ್ಲಾಡಿಸಿದರೆ ಸದ್ದು ಮಾಡುವುದಿಲ್ಲ, ಗಾಜು ಬಿರಿದಿಲ್ಲ, ತಿರುಪು ಕಳಚಿಲ್ಲ. ಕೊನೆಯ ಬೀಳಿನ ನಂತರ ಗುಂಡುಗಳು ಎಡಕ್ಕೆ ಕೆಳಗೆ ಹೋದವು, ಅಷ್ಟೇ. ವೀಬ್ಕೆ ಅದನ್ನು ತಿರಸ್ಕರಿಸಿದ ಡಬ್ಬದಲ್ಲಿ ಹಾಕಿದಳು. ಹಾಕುವಾಗ ಫ್ರಿಡೊಲಿನ್‌ಗೆ ಬೇಡ ಎನ್ನಬೇಕೆನಿಸಿತ್ತು, ಬಾಯಿ ಬಂದಿರಲಿಲ್ಲ. ರಾತ್ರಿ ಊಟದ ತಟ್ಟೆಯ ಮುಂದೆ ಮುದ್ದೆ ಮುರಿಯುತ್ತ ಅದನ್ನೇ ಯೋಚಿಸುತ್ತಿದ್ದಾಗ ಒಟ್ಟೀಲಿ, "ಏನು, ಆ ಕಾಗದದ ಮೇಲಿನ ಚುಕ್ಕೀನ ಇಲ್ಲೂ ನೋಡ್ತಿದೀಯಾ?" ಎಂದಿದ್ದಳು. ಅವಳ ತಮಾಷೆಗೆ ನಗಲು ಅವನು ತಡಮಾಡಿದ. ತಡಮಾಡಿದ್ದನ್ನು ಅವಳು ಕಂಡಳು.

ಮುಗಿಯಿತು ಎಂದು ಅವನು ಏಳಹೊರಟ. ಏಳೂಮುಕ್ಕಾಲು. ಬಿಸಿಲೇರಿ ನೆಲದ ಮೇಲೆ ಬಿಸಿಗಾಳಿ ಕುಣಿಯತೊಡಗಿದರೆ ಕಾಗದ ನೀರಿನೊಳಗೆ ಇದ್ದಂತೆ ಕಾಣುತ್ತದೆ, ಮತ್ತೆ ಸಂಜೆಯವರೆಗೆ ಹೊಡೆಯುವ ಹಾಗಿಲ್ಲ. ಸೊಂಟ ನೋಯುತ್ತಿತ್ತು, ಬಲಭುಜ ಮರಗಟ್ಟಿತ್ತು, ಕಣ್ಣಿನ ಹಿಂದೆ ಬೂದಿ ತುಂಬಿದಂಥ ದಣಿವು.

"ಕೂತ್ಕೊ ಫ್ರಿಡೊ, ಇನ್ನೊಂದಿದೆ," ಎಂದು ವೀಬ್ಕೆ ಪಿಕಪ್ಪಿನ ಮುಂದಿನ ಸೀಟಿನಿಂದ ಹಳೆಯ ಟವೆಲಿನಲ್ಲಿ ಸುತ್ತಿದ್ದನ್ನು ತಂದಳು. ಟವೆಲು ಬಿಚ್ಚುವ ಮೊದಲೇ ಅವನಿಗೆ ತಿಳಿಯಿತು. "ಜೂನ್‌ದು. ಮಾರಿದೋರು ಬದಲಾಯಿಸಿಕೊಡ್ತಾರಂತೆ, ಆದ್ರೆ ಕೆಟ್ಟಿದೆ ಅಂತ ತೋರಿಸ್ಬೇಕು. ಇದನ್ನೂ ಸೊನ್ನೆಗೆ ತಂದು, ಬೀಳಿಸಿ, ಮೂರು ಗುಂಡು ಹೊಡೆದು ಆ ಕಾಗದಾನೂ ಜೊತೆಗೆ ಕಳಿಸೋಣ."

"ಅದ್ಯಾಕೆ ಮೇಡಂ ಈಗ? ಅದು ಕೆಟ್ಟಿದ್ದು ಎಲ್ರಿಗೂ ಗೊತ್ತಲ್ಲ."

"ಎಲ್ರಿಗೂ ಗೊತ್ತು. ಕಾಗದಕ್ಕೆ ಗೊತ್ತಿಲ್ಲ."

ಎಲಿಯಾಸರ್ ಆಗಲೇ ತಿರುಪುಳಿ ಹಿಡಿದು ನಾಲ್ಕನೆಯದನ್ನು ಬಿಚ್ಚತೊಡಗಿದ್ದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಹೆಜ್ಜೆ ನೋಡುವವರ ಮುಖ ಹಾಗೆಯೇ, ಅತಿಥಿಗಳ ಎದುರು ಗುರುತು ಕಂಡರೂ ಕಾಣದಿದ್ದರೂ ಒಂದೇ ಮುಖ.

ಜೂನ್‌ನ ಆ ದಿನ ಅತಿಥಿಗಳು ಇರಲಿಲ್ಲ. ಶಿಬಿರದ ಅಡುಗೆಮನೆಗೆ ಮಾಂಸ ಬೇಕಿತ್ತು, ಇಬ್ಬರೇ ಹೋಗಿದ್ದರು, ಭಾವ ಭಾವಮೈದ, ದಾರಿಯುದ್ದಕ್ಕೂ ಒಟ್ಟೀಲಿಯ ಕೈ ಬಿಗಿಯ ಬಗ್ಗೆ ಆಡಿಕೊಂಡು ನಗುತ್ತ. ಒಣಹೊಳೆಯ ಆಚೆ ದಂಡೆಯಲ್ಲಿ ಓರಿಕ್ಸ್ ಎಂಬ ದೊಡ್ಡ ಜಿಂಕೆಯ ಗಂಡು ಅಡ್ಡಲಾಗಿ ನಿಂತಿತ್ತು. ಕೊಂಬುಗಳು ಎರಡು ಈಟಿ ನೆಟ್ಟ ಹಾಗೆ ನೇರ. ಹತ್ತಿರದ ಹೊಡೆತ, ಮಗುವೂ ಹೊಡೆಯಬಹುದಾದದ್ದು. ಫ್ರಿಡೊಲಿನ್ ಹೊಡೆದಾಗ ಅದು ಬೆನ್ನು ಬಗ್ಗಿಸಿ ಒದೆಯಿತು. ಹೊಟ್ಟೆಗೆ ಬಿದ್ದಿದೆ ಎಂದು ಇಬ್ಬರಿಗೂ ತಿಳಿಯಿತು. ಗಾಯಗೊಂಡದ್ದನ್ನು ಬಿಟ್ಟು ಬರುವ ಹಾಗಿಲ್ಲ. ಮಧ್ಯಾಹ್ನ ತಿರುಗುವವರೆಗೂ ಹೆಜ್ಜೆ ಹಿಡಿದು ನಡೆದರು, ಎಲಿಯಾಸರ್ ಮುಂದೆ ಬಗ್ಗಿಕೊಂಡು, ಫ್ರಿಡೊಲಿನ್ ಹಿಂದೆ ರೈಫಲು ಹಿಡಿದು. ಮುಳ್ಳುಪೊದೆಯ ನೆರಳಿನಿಂದ ಅದು ಎದ್ದು ಬಂದದ್ದು ಕಾಣಲೇ ಇಲ್ಲ, ತಲೆ ಬದಿಗೆ ಬೀಸಿದ್ದು ಕಂಡಿತು, ಕೊಂಬು ಎಲಿಯಾಸರ್‌ನ ತೊಡೆಯ ಈ ಕಡೆಯಿಂದ ಆ ಕಡೆಗೆ ಹೋಗಿದ್ದು ಕಂಡಿತು. ಎರಡನೆಯ ಗುಂಡನ್ನು ಕೊಂಬಿನಷ್ಟೇ ಹತ್ತಿರದಿಂದ ಹೊಡೆದ. ಅಲ್ಲಿ ತಪ್ಪುವುದಕ್ಕೆ ಜಾಗವೇ ಇರಲಿಲ್ಲ.

ಊಟ್ಯೊ ಪಟ್ಟಣದ ಆಸ್ಪತ್ರೆಯ ಮೊಗಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಅಂಗಿಯ ಮೇಲೆ ಭಾವಮೈದನ ರಕ್ತ ಒಣಗಿ ಹಪ್ಪಳದ ಹಾಗೆ ಗರಿಗರಿಯಾಗಿದ್ದಾಗ, ವೀಬ್ಕೆ ಬಂದು ಏನಾಯಿತು ಎಂದಳು. ನೀನು ಏನು ಮಾಡಿದೆ ಎಂದು ಕೇಳಿರಲಿಲ್ಲ. ಬರಿಯ ಏನಾಯಿತು. "ಸ್ಕೋಪ್ ಕದಲಿತ್ತು ಮೇಡಂ." ಮಾತು ಯೋಚನೆಗಿಂತ ಮೊದಲು ಬಂದಿತ್ತು, ಬಂದ ಮೇಲೆ ಅದು ಸುಳ್ಳೆಂದು ಅವನಿಗೂ ಅನ್ನಿಸಲಿಲ್ಲ. ಬೆಳಿಗ್ಗೆ ರೈಫಲು ಪಿಕಪ್ಪಿನಲ್ಲಿ ಕುಲುಕಿಕೊಂಡು ಬಂದದ್ದು ನಿಜವೇ. ಆಮೇಲೆ ಆ ಮಾತಿಗೆ ಕೈಕಾಲು ಬೆಳೆದವು. ಅಡುಗೆಯವಳ ಬಾಯಲ್ಲಿ ದುರ್ಬೀನು ಬರಿಗಣ್ಣಿಗೇ ಸೊಟ್ಟಗೆ ಕಾಣುತ್ತಿತ್ತು. ಭಾನುವಾರ ಚರ್ಚಿನ ಹೊರಗೆ ಪಾದ್ರಿ ಅವನ ಕೈ ಹಿಡಿದು, ಮನುಷ್ಯ ಮಾಡಿದ ವಸ್ತು ಕೈಕೊಟ್ಟರೆ ಮನುಷ್ಯ ಏನು ಮಾಡಿಯಾನು ಎಂದ. ಒಟ್ಟೀಲಿ ಆ ದುರ್ಬೀನನ್ನು ತಿಂಗಳುಗಟ್ಟಲೆ ಶಪಿಸಿದಳು, ಪಾತ್ರೆ ತೊಳೆಯುತ್ತ, ತಮ್ಮನ ಗಾಯದ ಬಟ್ಟೆ ಒಗೆಯುತ್ತ. ಅವಳು ಶಪಿಸುವಾಗಲೆಲ್ಲ ಫ್ರಿಡೊಲಿನ್ ಎದ್ದು ಹೊರಗೆ ಹೋಗಿ ಸೌದೆ ಒಡೆಯುತ್ತಿದ್ದ. ಜೂನ್‌ಗೆ ಶುರುವಾಗುವ ಇಲ್ಲಿನ ಚಳಿಗಾಲದಲ್ಲಿ ಆ ವರ್ಷ ಮನೆಯಲ್ಲಿ ಸೌದೆಗೆ ಕೊರತೆಯಾಗಲಿಲ್ಲ.

ಫ್ರಿಡೊಲಿನ್‌ನ ಹುಬ್ಬಿನ ಮೇಲೆ ಒಂದು ಗಾಯದ ಗುರುತಿತ್ತು, ಅದು ಜೂನ್‌ಗಿಂತ ಹಳೆಯದು. ಯಾರೋ ಅತಿಥಿಯ ಆನೆಬಂದೂಕನ್ನು ಪರೀಕ್ಷಿಸಿ ಕೊಡಲು ಹೋದಾಗ ಅದು ಹಿಂದಕ್ಕೆ ಒದ್ದು, ದುರ್ಬೀನಿನ ಅಂಚು ಹುಬ್ಬನ್ನು ಸೀಳಿತ್ತು. ನಾಲ್ಕು ಹೊಲಿಗೆ, ಆ ಸಂಜೆಯ ಪಾರ್ಟಿಯಲ್ಲಿ ಒಂದಿಷ್ಟು ನಗು, ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದ. ಮುಗಿದಿರಲಿಲ್ಲ. ಮೈಗೆ ಅದು ನೆನಪಿತ್ತು. ಎಂದಿನಿಂದ ಎಂದು ಹೇಳುವುದು ಕಷ್ಟ, ಬಂದೂಕಿನ ಕುದುರೆಯ ಮೇಲೆ ಬೆರಳು ಬಿಗಿಯುವ ಕಡೆಯ ಚೂರಿನಲ್ಲಿ ಕಣ್ಣೊಳಗೆ ಏನೋ ಕತ್ತಲಾಗುತ್ತಿತ್ತು. ರೆಪ್ಪೆ ಮುಚ್ಚುತ್ತಿತ್ತೋ, ಸದ್ದಿನ ಹೊಡೆತಕ್ಕೆ ಹಾಗೆ ಅನ್ನಿಸುತ್ತಿತ್ತೋ? ಪರೀಕ್ಷಿಸಿ ನೋಡುವ ದಾರಿ ಅವನಿಗೆ ಗೊತ್ತಿತ್ತು, ಅದನ್ನು ಹಿಡಿಯಲಿಲ್ಲ. ಅತಿಥಿಗಳ ಜೊತೆ ಹೋದಾಗ ಹೊಡೆಯುವವರು ಅವರೇ. ತಾನು ಹೊಡೆಯಬೇಕಾದ ಸಂದರ್ಭಗಳನ್ನು ಜಾಣತನದಿಂದ ದೂರ ಇಡುತ್ತ ಬಂದಿದ್ದ. ಆ ಜಾಣತನಕ್ಕೆ ಜನ ಅನುಭವ ಎನ್ನುತ್ತಿದ್ದರು.

ಐದನೆಯ ದುರ್ಬೀನು ರೈಫಲಿನ ಮೇಲೆ ಕುಳಿತಿತು. ಸೊನ್ನೆಗೆ ತರಲು ಹೊಡೆದ ಗುಂಡುಗಳಲ್ಲಿ ಎರಡು ಒಂದರ ಕಿವಿ ಇನ್ನೊಂದು ಕಚ್ಚಿದ ಹಾಗೆ ಬಿದ್ದವು, ಮೂರನೆಯದು ಸ್ವಲ್ಪ ಅಗಲಿತು.

"ಹಸಿವಾ ಭಾವ? ಅದೊಂದು ಮೇಯೋಕೆ ಹೋಗಿದೆ," ಎಂದ ಎಲಿಯಾಸರ್.

"ಬಾಯಿ ಮುಚ್ಕೊಂಡು ಗುಂಡು ಹಾಕೋ."

"ಹಾಕ್ದೆ ಇನ್ನೇನು ಮಾಡ್ತೀನಿ, ಕುಣೀಲಾ? ಕಾಲಿಲ್ವಲ್ಲ."

ಹೊಸ ಕಾಗದ ಅಂಟಿಸಿ ಬಂದು ವೀಬ್ಕೆ ಎಡಕ್ಕೆ ಬೀಳಿಸಿದಳು. ದೊಪ್ಪು. ಈ ಸಲ ಅವನ ಭುಜ ಏಳಲಿಲ್ಲ, ಅದು ಬಿದ್ದು ಪುಡಿಯಾಗಲಿ ಎಂದು ಹಲ್ಲು ಕಚ್ಚಿ ಬೇಡಿಕೊಳ್ಳುತ್ತಿದ್ದ. ಎಲಿಯಾಸರ್ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಏನೂ ಸದ್ದಿಲ್ಲ. ಗುಂಡು ಹಾಕಿ ಇಟ್ಟ. ಫ್ರಿಡೊಲಿನ್ ಕೆನ್ನೆಯನ್ನು ಮರಕ್ಕೆ ಒತ್ತಿದ. ದುರ್ಬೀನಿನ ದುಂಡು ಬೆಳಕಿನೊಳಗೆ ಕೆಂಪು ಹುತ್ತ, ಹುತ್ತದ ಮುಂದೆ ಬಿಳಿ ಕಾಗದ, ಕಾಗದದ ನಡುವೆ ಕಪ್ಪು ಚೌಕ. ಎಷ್ಟು ಸುಲಭ ಎನ್ನಿಸಿತು. ಗೆರೆಯನ್ನು ಎರಡು ಬೆರಳಿನಷ್ಟು ಎಡಕ್ಕೆ ಸರಿಸಿದರೆ ಸಾಕು. ಇದರೊಳಗೆ ಈಗ ತಾನು ಎಲ್ಲಿ ನೋಡುತ್ತಿದ್ದೇನೆಂದು ಲೋಕದಲ್ಲಿ ಇನ್ನೊಬ್ಬನಿಗೆ ತಿಳಿಯುವುದಿಲ್ಲ, ಹೆಂಡತಿಗೂ ಪಾದ್ರಿಗೂ ತಿಳಿಯುವುದಿಲ್ಲ. ದುರ್ಬೀನು ಕೆಟ್ಟಿದೆ ಎಂದು ಕಾಗದವೇ ಹೇಳುತ್ತದೆ. ಜೂನ್ ಮುಗಿಯುತ್ತದೆ. ಇನ್ನೊಂದು ವಾರಕ್ಕೆ ಅತಿಥಿಗಳು ಬರುತ್ತಾರೆ, ಅವನು ಮಾರ್ಗದರ್ಶಕನ ಬಿಲ್ಲೆಯನ್ನು ಅಂಗಿಗೆ ಚುಚ್ಚಿಕೊಂಡು ಅಂಗಳದಲ್ಲಿ ನಿಂತಿರುತ್ತಾನೆ. ಸರಿಸಿದರೆ ಇಷ್ಟೂ ಉಳಿಯುತ್ತದೆ. ಸರಿಸದೆ, ಗುಂಡು ನಡುವೆ ಬಿದ್ದರೆ? ಆಗ ಏಳು ತಿಂಗಳು ಶಾಪ ತಿಂದ ವಸ್ತುವಿಗೆ ಏನೂ ಆಗಿರಲಿಲ್ಲವೆಂದು ಎಲ್ಲರಿಗೂ ತಿಳಿಯುತ್ತದೆ, ತಪ್ಪಿಗೆ ಉಳಿಯುವವನು ತಾನೊಬ್ಬನೇ. ಬೆವರು ಹುಬ್ಬಿನ ಗುರುತಿನ ಮೇಲೆ ಒಂದು ಕ್ಷಣ ನಿಂತು ಇಳಿಯಿತು. ಸರಿಸುವುದಿಲ್ಲ ಎಂದುಕೊಂಡ. ಗೆರೆಯನ್ನು ಚೌಕದ ನಡುವೆ ತಂದು ನಿಲ್ಲಿಸಿದ, ನಿಂತಿದೆ ಎಂದು ಖಾತ್ರಿ ಮಾಡಿಕೊಂಡ, ಉಸಿರು ಅರ್ಧ ಬಿಟ್ಟು ಒತ್ತಿದ.

"ಎಡಕ್ಕೆ. ಎರಡು ಬೆರಳು, ಕೆಳಗೆ," ಎಂದ ಎಲಿಯಾಸರ್.

"ಹಾಂ!" ಎಂದಳು ವೀಬ್ಕೆ.

ಫ್ರಿಡೊಲಿನ್‌ಗೆ ಮೊದಲು ಆದದ್ದು ಸಂತೋಷವೇ. ತಾನು ಸರಿಸಲಿಲ್ಲ, ಆದ್ದರಿಂದ ಅದೇ ಸರಿದಿದೆ. ಅಂದರೆ ಜೂನ್‌ನಲ್ಲಿ ಬಾಯಿಂದ ತಾನಾಗಿ ಬಂದ ಮಾತು ನಿಜವಾಗಿಯೇ ನಿಜ. ಸಂತೋಷ ಎದೆಯಿಂದ ಗಂಟಲಿಗೆ ಬರುವಷ್ಟರಲ್ಲಿ ಅನುಮಾನದ ನಾಯಿ ಹಿಂದೆ ಬಂತು. ಸರಿಸಲಿಲ್ಲವೇ? ಒತ್ತಿದ ಗಳಿಗೆಯಲ್ಲಿ ಗೆರೆ ಎಲ್ಲಿತ್ತು ಎಂದು ಹೇಳಬಲ್ಲೆಯಾ? ನೆನಪಿನಲ್ಲಿ ಹುಡುಕಿದ. ಕಪ್ಪು ಚೌಕದ ನಡುವೆ ಗೆರೆ ಇತ್ತು, ಆಮೇಲೆ ಏನೂ ಇರಲಿಲ್ಲ, ಆಮೇಲೆ ಸದ್ದು. ನಡುವಿನ ಆ ಏನೂ ಇಲ್ಲದ್ದರಲ್ಲಿ ಏನಾಯಿತೆಂದು ಅವನಿಗೆ ಗೊತ್ತಿರಲಿಲ್ಲ. ಬೇಕೆಂದು ಮಾಡುವುದಕ್ಕೂ ತಾನಾಗಿ ಆಗುವುದಕ್ಕೂ ಅಲ್ಲಿ ಗೋಡೆ ಇದ್ದಂತೆ ಕಾಣಲಿಲ್ಲ.

ಎರಡನೆಯ ಗುಂಡು. "ಅದ್ರ ಪಕ್ಕದಲ್ಲೇ," ಎಂದ ಎಲಿಯಾಸರ್. ಅವನ ದನಿಯಲ್ಲಿ ತಮಾಷೆ ಹೋಗಿತ್ತು.

"ನೀನಂದದ್ದು ಸರಿ ಫ್ರಿಡೊ," ಎಂದಳು ವೀಬ್ಕೆ. ಅವಳ ಮುಖದಲ್ಲಿ ಒಂದು ಬಗೆಯ ನಾಚಿಕೆ ಕಂಡಿತು. ಇಷ್ಟು ದಿನ ಅವಳೂ ಒಳಗೊಳಗೆ ಅನುಮಾನಿಸಿದ್ದಳು ಎಂದು ಅವನಿಗೆ ಆಗ ಹೊಳೆಯಿತು. ಈ ಕಾಗದ ದುರ್ಬೀನು ಮಾರಿದವರಿಗಾಗಿ ಮಾತ್ರ ಅಲ್ಲ, ಅವಳಿಗಾಗಿಯೂ. ಅವಳು ತಿರುಗಿ ಪಿಕಪ್ಪಿನ ಹಿಂಬದಿಯ ಮೇಲಿಟ್ಟಿದ್ದ ಫ್ಲಾಸ್ಕಿನಿಂದ ಮೂರು ಲೋಟಕ್ಕೆ ಕಾಫಿ ಬಗ್ಗಿಸತೊಡಗಿದಳು. ಎಲಿಯಾಸರ್ ಗುಂಡಿನ ಪೆಟ್ಟಿಗೆಗೆ ಕೈ ಹಾಕಿದ, ಬೋಲ್ಟು ಮುಚ್ಚಿದ, ರೈಫಲನ್ನು ಮರಳುಚೀಲದ ಮೇಲೆ ಇಟ್ಟ. ಮೂರನೆಯದು. ಇದೊಂದು ಆದರೆ ಆಯಿತು. ಗೆರೆ, ಚೌಕ, ಅರ್ಧ ಉಸಿರು.

ಟಕ್.

ಗುಂಡು ಹಾರಲಿಲ್ಲ. ಒದೆಯಬೇಕಾದ್ದು ಒದೆಯದೆ, ಸದ್ದಾಗಬೇಕಾದಲ್ಲಿ ಆಗದೆ ಹೋದ ಆ ಖಾಲಿಯಲ್ಲಿ ರೈಫಲಿನ ನಳಿಗೆ ತಾನೇ ತಾನಾಗಿ ಎಡಕ್ಕೆ ಕೆಳಗೆ ಕುಸಿಯಿತು, ಬೈಸಿಕೊಂಡವನ ತಲೆಯ ಹಾಗೆ. ಅವನ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಮುಚ್ಚಿವೆಯೆಂದು ತಿಳಿದದ್ದು ತೆರೆಯಬೇಕಾಗಿ ಬಂದಾಗ.

ಹೊಸದಾಗಿ ಕಲಿಯುವವರಿಗೆ ಮಾಡುವ ಪರೀಕ್ಷೆ ಇದು. ತುಂಬಿಕೊಡುವವನು ನಡುವೆ ಎಲ್ಲೋ ಒಮ್ಮೆ ಗುಂಡು ಹಾಕದೆ ಬೋಲ್ಟು ಮುಚ್ಚಿ ಕೊಡುತ್ತಾನೆ. ನಳಿಗೆ ಅಲುಗದಿದ್ದರೆ ಕೈ ಗಟ್ಟಿ, ಕುಸಿದರೆ ಅಂಜಿಕೆ ಹೊಡೆಯುವವನದು. ಫ್ರಿಡೊಲಿನ್ ಎಷ್ಟೋ ಜನಕ್ಕೆ ಹೀಗೆ ಕೊಟ್ಟಿದ್ದ, ಹನ್ನೆರಡರ ವೀಬ್ಕೆಗೆ ಕೊಟ್ಟಾಗ ಅವಳು ಸಿಟ್ಟಿನಿಂದ ಅತ್ತಿದ್ದಳು. ಬಿಲ್ಲೆ ಪಡೆದ ಮಾರ್ಗದರ್ಶಕನಿಗೆ ಯಾರೂ ಹೀಗೆ ಮಾಡುವುದಿಲ್ಲ. ಅದು ಮುಖಕ್ಕೆ ಉಗುಳಿದ ಹಾಗೆ.

ಟಕ್ ಎಂದ ಸದ್ದಿಗೆ ವೀಬ್ಕೆ ಫ್ಲಾಸ್ಕು ಹಿಡಿದೇ ತಿರುಗಿದಳು. ನಳಿಗೆಯನ್ನು ಅವಳು ನೋಡಿರಲಿಲ್ಲ, ಸದ್ದಿನ ಅರ್ಥ ಗೊತ್ತಿತ್ತು. "ಖಾಲಿ ಕೊಟ್ಯಾ ಎಲಿಯಾಸರ್?"

"ಮರ್ತೆ ಮೇಡಂ," ಎಂದ ಎಲಿಯಾಸರ್. "ಬೆಳಿಗ್ಗೆಯಿಂದ ಹಾಕೀ ಹಾಕೀ ತಲೆ ಕೆಟ್ಟಿದೆ." ಬೋಲ್ಟು ತೆರೆದ, ಗುಂಡೊಂದನ್ನು ಎರಡು ಬೆರಳಲ್ಲಿ ಹಿಡಿದು ಅವಳಿಗೆ ಕಾಣುವಂತೆ ಎತ್ತಿ ತೋರಿಸಿ ಒಳಗಿಟ್ಟ, ಮುಚ್ಚಿದ. "ಈಗ ಇದೆ. ಹೊಡಿ ಭಾವ."

ಫ್ರಿಡೊಲಿನ್ ಅವನ ಮುಖ ನೋಡಿದ. ಅದೇ ಮುಖ. ಬೇಕಾದರೆ ಬಾಗಿಲು ತೆರೆದೇ ಇದೆ ಎಂದು ಫ್ರಿಡೊಲಿನ್‌ಗೆ ಅರ್ಥವಾಯಿತು. ಈಗ ಒಂದು ಗುಂಡು ಎಡಕ್ಕೆ ಕೆಳಗೆ ಹೊಡೆದರೆ ಆಯಿತು. ಅದಕ್ಕೆ ಪ್ರಯತ್ನವನ್ನೂ ಪಡಬೇಕಾಗಿಲ್ಲ. ಇವನು ಮರೆತೆ ಎಂದೇ ಹೇಳುತ್ತಾನೆ, ಸಾಯುವತನಕ ಹಾಗೇ ಹೇಳುತ್ತಾನೆ, ಭಾನುವಾರ ಮನೆಗೆ ಊಟಕ್ಕೆ ಬಂದು ಅಕ್ಕನೆದುರು ಭಾವನನ್ನು ಹಾಸ್ಯ ಮಾಡುತ್ತಾನೆ, ಕಾಲು ಎಳೆದುಕೊಂಡು ಹೋಗುತ್ತಾನೆ. ಆಮೇಲೆ ಫೆಬ್ರವರಿಯಲ್ಲಿ ಯಾವುದೋ ಪೊದೆಯ ಮುಂದೆ ಅವನು ಬಗ್ಗಿಕೊಂಡು, ತಾನು ಹಿಂದೆ ರೈಫಲು ಹಿಡಿದುಕೊಂಡು. ಫ್ರಿಡೊಲಿನ್‌ಗೆ ಇದ್ದಕ್ಕಿದ್ದಂತೆ ಬಹಳ ಆಯಾಸವಾಯಿತು. ಪಶ್ಚಾತ್ತಾಪವೆಂದು ಕರೆಯುವಷ್ಟು ದೊಡ್ಡದೇನೂ ಅಲ್ಲ, ಇನ್ನೊಂದು ಸಲ ಸೌದೆ ಒಡೆಯಲು ಕೈಲಾಗದು ಎಂಬಂಥ ಆಯಾಸ.

ರೈಫಲಿನಿಂದ ಕೈ ತೆಗೆದು ಎದ್ದು ನಿಂತ. ಮಂಡಿ ಲಟಕ್ಕೆಂದಿತು.

"ನೀನು ಕೂತ್ಕೊ ಎಲಿಯಾಸರ್. ನೀನು ಹೊಡಿ."

"ಅದು ಹೇಗಾಗತ್ತೆ?" ಎಂದಳು ವೀಬ್ಕೆ. "ಹೊಡೆಯೋನು ಬದಲಾಗ್ಬಾರ್ದು ಅಂತ ಎಷ್ಟು ಸಲ..."

"ಹೊಡೆಯೋ ಹೊತ್ತಿಗೆ ನಾನು ಕಣ್ಣು ಮುಚ್ತೀನಿ ಮೇಡಂ."

ಅವಳು ಕಾಫಿಯ ಲೋಟವನ್ನು ಪಿಕಪ್ಪಿನ ಮೇಲೆ ಇಟ್ಟಳು. ಅವಳು ಬೈದರೆ ಒಳ್ಳೆಯದು ಎಂದು ಅವನಿಗೆ ಅನ್ನಿಸಿತು. "ಯಾವಾಗಿಂದ?"

"ಗೊತ್ತಿಲ್ಲ."

"ಜೂನ್‌ನಲ್ಲೂ?"

ಎಲಿಯಾಸರ್ ದೊಡ್ಡ ದುರ್ಬೀನಿನ ಗಾಜನ್ನು ಅಂಗಿಯ ಚುಂಗಿನಿಂದ ಒರೆಸುತ್ತಿದ್ದ, ಒರೆಸಬೇಕಾದದ್ದು ಅದರಲ್ಲಿ ಏನೂ ಇರಲಿಲ್ಲ.

"ಹೂಂ. ಜೂನ್‌ನಲ್ಲೂ."

ಎಲಿಯಾಸರ್ ಕುಳಿತ. ಎಡಗಾಲನ್ನು ಮೇಜಿನ ಕೆಳಗೆ ಕೈಯಿಂದ ಎತ್ತಿ ಇಟ್ಟುಕೊಳ್ಳಬೇಕಾಯಿತು. ಅವನಿಗೆ ಗುಂಡು ತುಂಬಿ ಕೊಟ್ಟವನು ಫ್ರಿಡೊಲಿನ್. ಎಲಿಯಾಸರ್ ಮೂರು ಸಲ ಹೊಡೆದ. ಯಾವ ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವವರು ಇರಲಿಲ್ಲವಾದ್ದರಿಂದ ವೀಬ್ಕೆ ತಾನೇ ಕಾಗದದ ಕಡೆಗೆ ನಡೆದಳು. ಎರಡು ಕೈಯನ್ನೂ ಜೇಬಿನಲ್ಲಿ ಇಟ್ಟುಕೊಂಡು, ಆತುರವಿಲ್ಲದೆ.

ಅವಳು ಅರ್ಧ ದಾರಿ ಹೋದಮೇಲೆ ಫ್ರಿಡೊಲಿನ್ ಹೇಳಿದ, "ನೀನು ಮರೆಯೋನಲ್ಲ."

"ಅಲ್ಲ."

"ಯಾವಾಗ ಗೊತ್ತಾಯ್ತು?"

"ಆವತ್ತೇ. ಪಕ್ಕದಲ್ಲೇ ಕೂತಿದ್ನಲ್ಲ. ನಾನು ಮೃಗ ನೋಡೋದು ಬಿಟ್ಟು ನಿನ್ ಮುಖ ನೋಡ್ತಿದ್ದೆ, ಒಳ್ಳೆ ಹೊಡೆತ ಹೊಡೆದು ಬೀಗೋದು ನೋಡೋಣ ಅಂತ. ಕಣ್ಣು ಮೊದಲು ಮುಚ್ತು, ಆಮೇಲೆ ಸದ್ದು."

"ಏಳು ತಿಂಗಳು ಸುಮ್ನಿದ್ಯಲ್ಲೋ."

"ಹೇಳಿದ್ರೆ ಕಾಲು ನೆಟ್ಟಗಾಗ್ತಿತ್ತಾ? ಅಕ್ಕ ನಿನ್ನ ಮನೆಯಿಂದ ಹೊರಗೆ ಹಾಕ್ತಿದ್ಲು, ನೀನು ಬಂದು ನನ್ ಗುಡಿಸಲಲ್ಲಿ ಮಲಗ್ತಿದ್ದೆ. ನೀನು ಗೊರಕೆ ಹೊಡೀತೀಯ."

"ಇವತ್ಯಾಕೆ ಮತ್ತೆ?"

ಎಲಿಯಾಸರ್ ಬೋಲ್ಟು ತೆರೆದು ರೈಫಲು ಖಾಲಿಯಿದೆಯೇ ಎಂದು ಬೆರಳು ಹಾಕಿ ನೋಡಿದ. "ಈ ಸ್ಕೋಪ್ನ ಎಸೆದು, ನಿನ್ ಕೈಗೇ ರೈಫಲ್ ಕೊಟ್ಟು, ನನ್ನ ಮತ್ತೆ ನಿನ್ ಮುಂದೆ ಪೊದೆಗೆ ಕಳಿಸ್ತಿದ್ರು ಭಾವ. ಇನ್ನೂ ಒಂದು ಕಾಲಿದೆ ನಂಗೆ."

ಹೇಳಿದ ರೀತಿ ತಮಾಷೆಯದೇ. ಫ್ರಿಡೊಲಿನ್ ನಗಲು ನೋಡಿದ, ಮುಖ ಒಪ್ಪಲಿಲ್ಲ. ಕ್ಷಮೆ ಕೇಳುವ ಮಾತನ್ನು ತಮ್ಮ ಮನೆಯ ಭಾಷೆಯಲ್ಲಿ, ಆಮೇಲೆ ಜಮೀನಿನ ಒಡೆಯರ ಭಾಷೆಯಲ್ಲಿ ಮನಸ್ಸಿನೊಳಗೇ ಆಡಿ ನೋಡಿದ; ಎರಡರಲ್ಲೂ ಅದು ಪಾದ್ರಿಯ ಮಾತಿನಂತೆ ಕೇಳಿಸಿತು. ಬೂದು ಹಕ್ಕಿಯೊಂದು ಮುಳ್ಳುಮರದ ತುದಿಯಲ್ಲಿ ಕುಳಿತು ಹೋಗು ಹೋಗು ಎಂದು ಯಾರನ್ನೋ ಗದರಿಸುತ್ತಿತ್ತು. ಅವನು ಕೆಳಗೆ ಬಿದ್ದಿದ್ದ ಹಿತ್ತಾಳೆಯ ಖಾಲಿ ತೋಟೆಗಳನ್ನು ಹೆಕ್ಕತೊಡಗಿದ. ಅದು ಎಲಿಯಾಸರ್ ಮಾಡುವ ಕೆಲಸ, ಇವತ್ತು ಎಲಿಯಾಸರ್ ಅವನನ್ನು ತಡೆಯಲಿಲ್ಲ.

ವೀಬ್ಕೆ ಕಾಗದ ಕಿತ್ತುಕೊಂಡು ಬಂದು ಮೇಜಿನ ಮೇಲೆ ಹರಡಿದಳು. ಎಲಿಯಾಸರ್‌ನ ಮೂರೂ ಗುಂಡು ಕಪ್ಪು ಚೌಕದ ನಡುವೆ, ಕಾಫಿ ಲೋಟದ ತಳದಿಂದ ಮುಚ್ಚುವಷ್ಟು ಜಾಗದಲ್ಲಿ ಬಿದ್ದಿದ್ದವು. ಎಡಕ್ಕೆ ಕೆಳಗೆ ಎರಡು ತೂತುಗಳ ಜೋಡಿ ಬೇರೆಯಾಗಿ ನಿಂತಿತ್ತು. ಅವಳು ಬಹಳ ಹೊತ್ತು ನೋಡಿದಳು. ಕೊನೆಗೆ ಅವಳು ಕೇಳಿದ್ದು ಅವನು ಎಣಿಸಿದ್ದ ಯಾವ ಮಾತೂ ಅಲ್ಲ.

"ಹಾಗಾದ್ರೆ ನಿನ್ನೆಯ ಮೊದಲನೇದು? ನಾನು ಡಬ್ಬಕ್ಕೆ ಹಾಕಿದ್ದು?"

"ಅದೂ ನಾನೇ ಇರ್ಬೇಕು ಮೇಡಂ. ಖಾತ್ರಿ ಇಲ್ಲ."

"ಖಾತ್ರಿ ಇಲ್ಲ," ಎಂದು ಅವಳು ಮೆಲ್ಲಗೆ ತಿರುಗಿ ಹೇಳಿದಳು. ಹಣೆಯನ್ನು ಅಂಗೈಯಿಂದ ಒತ್ತಿಕೊಂಡಳು. "ಅಂದ್ರೆ ಎಲ್ಲಾನೂ ಮತ್ತೆ ಮಾಡ್ಬೇಕು. ಆ ಕಿಣಿಕಿಣಿ ಅನ್ನೋದನ್ನ ಬಿಟ್ಟು."

"ಹೌದು."

"ಎಲಿಯಾಸರ್ ಹೊಡೀಲಿ. ನೀನು ಬೀಳ್ಸು."

ಆರಿದ ಕಾಫಿಯ ಲೋಟವನ್ನು ಅವನ ಕೈಗೆ ಕೊಟ್ಟಳು. ಅವಳು ಬೈಯಲೇ ಇಲ್ಲ. ಆಸ್ಪತ್ರೆಯ ಮೊಗಸಾಲೆಯ ವಿಷಯವನ್ನೂ ಎತ್ತಲಿಲ್ಲ. ಅವಳು ಬಿಲ್ಲೆಯ ಬಗ್ಗೆ ಏನು ಯೋಚಿಸುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು, ಅದನ್ನು ಇವತ್ತು ಹೇಳುವುದಿಲ್ಲ, ನಾಳೆ ಬೆಳಿಗ್ಗೆ ಅಡುಗೆಮನೆಯ ಹೊರಗೆ ನಿಂತು, ಬೂಟು ನೋಡುತ್ತ ಹೇಳುತ್ತಾಳೆಂದೂ ಗೊತ್ತಿತ್ತು. ಒಟ್ಟೀಲಿಗೆ ಅದಕ್ಕಿಂತ ಮುಂಚೆ, ಇವತ್ತೇ, ತಾನೇ ಹೇಳಬೇಕು. ಕಾಫಿಯಲ್ಲಿ ಸಕ್ಕರೆ ತಳದಲ್ಲಿ ಕುಳಿತಿತ್ತು. ಕೊನೆಯ ಗುಟುಕು ಮಾತ್ರ ಸಿಹಿ ಇತ್ತು, ಅದನ್ನು ಕುಡಿದು ಲೋಟ ಇಟ್ಟ. ಎಲಿಯಾಸರ್ ಡಬ್ಬದಿಂದ ಮೊದಲನೆಯ ದುರ್ಬೀನನ್ನು ತೆಗೆದು ಕೂರಿಸಿ, ಸೊನ್ನೆಗೆ ತಂದು, ಖಾಲಿ ರೈಫಲನ್ನು ಅವನ ಕೈಗೆ ಕೊಟ್ಟ. ಸೊಂಟದ ಎತ್ತರಕ್ಕೆ ಹಿಡಿದು, ಎಡಮಗ್ಗುಲಾಗಿ ತಿರುಗಿಸಿ ಫ್ರಿಡೊಲಿನ್ ನಿಂತ. ಬೆರಳುಗಳು ಬಿಡಲೊಲ್ಲವು.

"ಬಿಡು ಭಾವ," ಎಂದ ಎಲಿಯಾಸರ್. "ಬಿಸಿಲೇರ್ತಿದೆ."

ಬಿಟ್ಟ.

ಮೊದಲನೆಯ ದುರ್ಬೀನಿಗೆ ಏನೂ ಆಗಿರಲಿಲ್ಲ. ಫೆಬ್ರವರಿಯ ಮೊದಲ ವಾರ ಆಸ್ಟ್ರಿಯಾದಿಂದ ಬಂದ ಗಂಡಹೆಂಡತಿಯ ಜೊತೆ ಹೋಗಲು ಊಟ್ಯೊದಿಂದ ಬೇರೊಬ್ಬ ಮಾರ್ಗದರ್ಶಕ ಬಂದ. ಫ್ರಿಡೊಲಿನ್ ಪಿಕಪ್ ಓಡಿಸಿದ. ಎರಡನೆಯ ಗೇಟು ದಾಟಿ ಒಣಹೊಳೆಗೆ ಇಳಿಯುವ ಮೊದಲು, ಹಿಂದೆ ನಿಂತಿದ್ದ ಎಲಿಯಾಸರ್ ನೆಲದಲ್ಲಿ ಹೆಜ್ಜೆ ಕಂಡು ಗಾಡಿಯ ಮೇಲ್ತಗಡನ್ನು ಎರಡು ಸಲ ತಟ್ಟಿದ. ಫ್ರಿಡೊಲಿನ್ ಗಾಡಿ ನಿಲ್ಲಿಸಿದ.